ಎಳೆಯ ಕೂಸಿನ ಕಾಮಾಲೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರೇ ಆಗಲಿ, ಬಾಣಂತಿಯ ಕೋಣೆಗೆ ಕೂಸನ್ನು ನೋಡಲು ಬಂದ ಹಿರಿಯರು ಅದರ ಕಣ್ಣೂ ಮೈಯೂ ಹಳದಿಯಾಗಿರುವುದನ್ನು ಬೇಗ ಗುರುತಿಸುವರು. "ಎಲ್ಲ ಕೂಸುಗಳಿಗೂ ಬರುವುದೇ, ತಾನಾಗಿ ಹೋಗುತ್ತದೆ" ಎಂದು ಕೆಲವರು ಹೇಳಿದರೆ, ಮತ್ತೆ ಕೆಲವರು ನಾಟಿ ಔಷಧಕ್ಕೆ ಕರೆದೊಯ್ಯುವರು. ಬಹುಪಾಲು ಕೂಸುಗಳ ವಿಷಯದಲ್ಲಿ ಮೊದಲಿನ ಮಾತು ನಿಜ. ಆದರೆ ಎಲ್ಲೋ ಒಂದು ಕೂಸಿಗೆ ಆ ಮಾತು ಪ್ರಾಣಾಂತಿಕವಾಗಬಹುದು. ಆ ಕೂಸನ್ನು ಗುರುತಿಸುವುದು ಹೇಗೆ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಹಳದಿಯ ಮೂಲ

ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬಾಳಿ ನಾಶವಾಗುತ್ತವೆ. ಶಿಶುವಿನಲ್ಲಿ ಇನ್ನೂ ಬೇಗ. ಅವುಗಳಲ್ಲಿನ ಹೀಮೋಗ್ಲೋಬಿನ್ ಒಡೆದಾಗ ಬಿಲಿರೂಬಿನ್ ಎಂಬ ಹಳದಿ ವರ್ಣದ್ರವ್ಯ ಹುಟ್ಟುತ್ತದೆ. ಮೊದಲಿಗೆ ಇದು ನೀರಿನಲ್ಲಿ ಕರಗದು. ಯಕೃತ್ತು ಇದನ್ನು ಕರಗುವಂತೆ ಮಾರ್ಪಡಿಸಿ, ಪಿತ್ತರಸದೊಡನೆ ಪಿತ್ತನಾಳದ ಮೂಲಕ ಕರುಳಿಗೆ ಕಳುಹಿಸುತ್ತದೆ. ಮಲಕ್ಕೆ ಅದರ ಬಣ್ಣ ಬರುವುದು ಇದರಿಂದಲೇ.

ಗರ್ಭದಲ್ಲಿರುವಾಗ ಈ ಕೆಲಸ ಬಹುಮಟ್ಟಿಗೆ ತಾಯಿಯ ದೇಹದಲ್ಲಿ ನಡೆಯುತ್ತಿತ್ತು. ಹುಟ್ಟಿದ ಮೇಲೆ ಕೂಸಿನ ಯಕೃತ್ತು ಇದನ್ನು ಕೈಗೆತ್ತಿಕೊಳ್ಳಲು ಕೆಲವು ದಿನ ಬೇಕು. ಆದುದರಿಂದ ಎರಡನೆಯ ಅಥವಾ ಮೂರನೆಯ ದಿನ ಹಳದಿ ಕಾಣಿಸಿಕೊಂಡು, ತಿಂಗಳು ತುಂಬಿ ಹುಟ್ಟಿದ ಕೂಸಿನಲ್ಲಿ ಸುಮಾರು ಎರಡು ವಾರಗಳೊಳಗೆ ಮಾಯವಾಗುತ್ತದೆ. ಈ ಅವಧಿಯಲ್ಲಿ ಯಾವ ಮದ್ದು ಕೊಟ್ಟರೂ ಕೀರ್ತಿ ಆ ಮದ್ದಿಗೇ ಸಲ್ಲುವುದು ಸಹಜ. ಬರೆ ಹಾಕುವುದಂತೂ ಕೂಸಿಗೆ ಹಿಂಸೆಯೇ ಹೊರತು ಚಿಕಿತ್ಸೆಯಲ್ಲ.

ಹಳದಿ ಮೊದಲ 24 ಗಂಟೆಗಳಲ್ಲೇ ಕಂಡರೆ, ಅಂಗೈ ಅಂಗಾಲುಗಳಿಗೆ ಹರಡಿದರೆ, ಕೂಸು ಹಾಲು ಕುಡಿಯದೆ ಮಂಕಾದರೆ, ಅಂದೇ ಆಸ್ಪತ್ರೆಗೆ ಒಯ್ಯಬೇಕು. ಕರಗದ ಬಿಲಿರೂಬಿನ್ ಮಿತಿಮೀರಿದರೆ ಮಿದುಳನ್ನು ಕೆಡಿಸಬಲ್ಲುದು. ಇದಕ್ಕೆ ಬೆಳಕೇ ಮದ್ದು. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿಯೊಬ್ಬರು, ಬಿಸಿಲು ಬಿದ್ದ ಕಡೆ ಕೂಸಿನ ಮೈಯ ಹಳದಿ ತಿಳಿಯಾಗಿ, ಬಟ್ಟೆ ಮುಚ್ಚಿದ ಕಡೆ ಹಾಗೆಯೇ ಉಳಿದುದನ್ನು ಕಂಡರು. ನೀಲಿ ಬೆಳಕು ಬಿಲಿರೂಬಿನ್ ಅಣುವಿನ ಆಕಾರವನ್ನೇ ಬದಲಿಸಿ ಅದು ಸುಲಭವಾಗಿ ಹೊರಹೋಗುವಂತೆ ಮಾಡುತ್ತದೆ. ಆಸ್ಪತ್ರೆಗಳಲ್ಲಿ ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸುವುದು ಈ ಕಾರಣದಿಂದ. ಮನೆಯಂಗಳದ ಎಳೆಬಿಸಿಲು ಇದಕ್ಕೆ ಬದಲಾಗದು.

ಎರಡು ವಾರ ಕಳೆದರೂ ಹೋಗದ ಹಳದಿ

ತಾಯಿಯ ಹಾಲನ್ನೇ ಕುಡಿಯುವ ಕೆಲವು ಕೂಸುಗಳಲ್ಲಿ ಹಳದಿ ಇನ್ನೂ ಕೆಲವು ವಾರ ಉಳಿದರೂ ಅಪಾಯವಿಲ್ಲ. ಹಾಗಾದರೆ ಅಪಾಯದ ಹಳದಿಯನ್ನು ತಿಳಿಯುವುದೆಂತು? ಕೂಸಿನ ಬಟ್ಟೆಯನ್ನು ನೋಡಬೇಕು. ಎಳೆಗೂಸಿನ ಮೂತ್ರಕ್ಕೆ ಬಣ್ಣವಿಲ್ಲವೆಂದೇ ಹೇಳಬಹುದು. ಅದು ಬಟ್ಟೆಗೆ ಹಳದಿ ಕಲೆ ಹಿಡಿಸಬಾರದು. ಮಲವು ಮಾಗಿದ ಮಾವಿನ ತಿರುಳಿನಂತೆ ಹಳದಿಯಾಗಿಯೋ ಹಸಿರಾಗಿಯೋ ಇರಬೇಕು; ಅಕ್ಕಿಹಿಟ್ಟಿನಂತೆ, ಸೀಮೆಸುಣ್ಣದಂತೆ ಬಿಳಿಚಿರಬಾರದು.

ಕರಗದ ಬಿಲಿರೂಬಿನ್ ಮೂತ್ರಕ್ಕೆ ಇಳಿಯದು. ಆದುದರಿಂದ ಮೂತ್ರ ಹಳದಿಯಾದರೆ, ಯಕೃತ್ತು ತನ್ನ ಕೆಲಸ ಮಾಡಿದರೂ ಬಣ್ಣವು ಕರುಳಿಗೆ ಸರಿಯಾಗಿ ಇಳಿಯದೆ ರಕ್ತಕ್ಕೆ ಮರಳುತ್ತಿದೆಯೆಂದು ಊಹಿಸಬಹುದು. ಮಲವೂ ಬಿಳಿಚಿದ್ದರೆ ಪಿತ್ತದ ಹಾದಿಯೇ ಕಟ್ಟಿರುವ ಶಂಕೆ ಬಲವಾಗುತ್ತದೆ. ಇಂತಹ ರೋಗಗಳಲ್ಲಿ ಮುಖ್ಯವಾದುದು ಬಿಲಿಯರಿ ಅಟ್ರೀಸಿಯ, ಎಂದರೆ ಪಿತ್ತನಾಳಗಳು ಉರಿಯೂತದಿಂದ ಮುಚ್ಚಿಹೋಗುವುದು. ಇಲ್ಲಿ ಮೋಸವೊಂದಿದೆ: ಮೊದಲ ವಾರಗಳಲ್ಲಿ ಕೂಸು ಹಾಲು ಕುಡಿಯುತ್ತ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಯಕೃತ್ತು ಗಟ್ಟಿಕಟ್ಟುತ್ತಿರುತ್ತದೆ. ಚಿಕಿತ್ಸೆಯಾಗದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುವರು.

ಪರೀಕ್ಷೆ ಮತ್ತು ಚಿಕಿತ್ಸೆ

ವೈದ್ಯರು ಮೊದಲು ರಕ್ತದಲ್ಲಿ ಎರಡು ಬಗೆಯ ಬಿಲಿರೂಬಿನನ್ನೂ ಬೇರೆಬೇರೆಯಾಗಿ ಅಳೆಯುವರು. ಅನಂತರ ಶಬ್ದಾತೀತ ತರಂಗಗಳ ಸ್ಕ್ಯಾನಿಂಗ್‌ನಿಂದ ಪಿತ್ತಕೋಶವನ್ನು ನೋಡುವರು. ಬೇಕಾದರೆ ಸೂಜಿಯಿಂದ ಯಕೃತ್ತಿನ ಚೂರೊಂದನ್ನು ತೆಗೆದು ಪರೀಕ್ಷಿಸುವರು. ಸೋಂಕಿನಂತಹ ಬೇರೆ ಕಾರಣ ಸಿಕ್ಕರೆ ಅದಕ್ಕೆ ತಕ್ಕ ಔಷಧವುಂಟು.

ನಾಳ ಮುಚ್ಚಿದ್ದರೆ ಶಸ್ತ್ರಚಿಕಿತ್ಸೆಯೊಂದೇ ದಾರಿ. 1955ರಲ್ಲಿ ಜಪಾನಿನ ಸೆಂಡಾಯ್ ನಗರದಲ್ಲಿ ಮೋರಿಯೊ ಕಸಾಯಿ ಎಂಬ ಶಸ್ತ್ರವೈದ್ಯರು, ಮುಚ್ಚಿದ ನಾಳಗಳನ್ನು ತೆಗೆದು ಸಣ್ಣ ಕರುಳನ್ನು ನೇರವಾಗಿ ಯಕೃತ್ತಿನ ತಳಕ್ಕೆ ಹೊಲಿಯುವ ವಿಧಾನವನ್ನು ಮೊದಲು ಮಾಡಿದರು. ಇದು 60 ದಿನಗಳೊಳಗೆ ನಡೆದರೆ ಪಿತ್ತ ಹರಿಯುವ ಸಂಭವ ಹೆಚ್ಚು, ತಡವಾದಷ್ಟೂ ಕಡಿಮೆ. ಇದು ಫಲಿಸದಿದ್ದರೆ ಯಕೃತ್ತಿನ ಕಸಿ ಉಳಿಯುತ್ತದೆ. 1998ರಲ್ಲಿ ದೆಹಲಿಯಲ್ಲಿ ಇದೇ ರೋಗದ 20 ತಿಂಗಳ ಮಗುವೊಂದಕ್ಕೆ ತಂದೆಯ ಯಕೃತ್ತಿನ ಭಾಗವನ್ನು ಕಸಿಮಾಡಿ ಬದುಕಿಸಿದರು. ಆದರೆ ಕಸಿ ಬಹು ದುಬಾರಿ, ಕಷ್ಟದ ಕೆಲಸ.

ದಿನಗಳ ಲೆಕ್ಕ

ತೈವಾನಿನಲ್ಲಿ 2004ರಿಂದ ಪ್ರತಿ ತಾಯಿಗೂ ಮಲದ ಬಣ್ಣಗಳ ಚಿತ್ರವಿರುವ ಚೀಟಿಯನ್ನು ಕೊಡುತ್ತ ಬಂದರು. ಅಲ್ಲಿ ರೋಗ ಬೇಗನೆ ಪತ್ತೆಯಾಗತೊಡಗಿತು. ನಮ್ಮಲ್ಲಿಯೂ ದಾರಿಯಿಲ್ಲದಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ಆರನೆಯ ವಾರ ಲಸಿಕೆಗೂ ಕೂಸನ್ನು ಒಯ್ಯುವರು. ಅಂದು ತಾಯಿ ಮಲದ ಬಣ್ಣವನ್ನು ತಿಳಿಸಿದರೆ, 60 ದಿನಗಳಿಗೆ ಇನ್ನೂ 18 ದಿನ ಉಳಿದಿರುತ್ತವೆ. ಕೋಲಾರದಲ್ಲಿ ಪರೀಕ್ಷಿಸಿಕೊಂಡು ಬೆಂಗಳೂರಿನ ಮಕ್ಕಳ ಶಸ್ತ್ರವೈದ್ಯರನ್ನು ಕಾಣಲು ಅಷ್ಟು ಕಾಲ ಸಾಕು, ವ್ಯರ್ಥಮಾಡಲು ಸಾಲದು.

ವಿದ್ಯಾರ್ಥಿಗಳಾದ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕೂಸು ಹುಟ್ಟಿದಾಗ ಇದನ್ನು ಅಜ್ಜಿಗೂ ಅಕ್ಕನಿಗೂ ತಿಳಿಸಿರಿ: 14 ದಿನ ಕಳೆದರೂ ಹಳದಿ ಉಳಿದರೆ ರಕ್ತಪರೀಕ್ಷೆ ಮಾಡಿಸಬೇಕು, ಮಲ ಬಿಳಿಚಿದ್ದರೆ ಒಂದು ದಿನವೂ ಕಾಯಬಾರದು.