ಯಾರಿಗಾಗಿ ಈ ವರದಿ? ರಾಜಕೀಯ ಸಂಶೋಧನೆಯ ಮೊದಲ ಪ್ರಶ್ನೆ



ನಾನು ರಾಜ್ಯಶಾಸ್ತ್ರ ಓದಿದವನಲ್ಲ. ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ರಾಜಕೀಯದ ಬಗ್ಗೆ ವರದಿ ಬರೆಯುವ ಕೆಲಸ ತಾನಾಗಿಯೇ ನನ್ನ ಮೇಜಿಗೆ ಬಂತು. ಅದನ್ನು ಹೇಗೆ ಮಾಡಬೇಕೆಂದು ಕಲಿತದ್ದು ಒಂದು ತಪ್ಪಿನಿಂದ. ಆ ತಪ್ಪಿನಿಂದಲೇ ಶುರುಮಾಡುತ್ತೇನೆ.

2022ರ ಆಗಸ್ಟ್ 9ರಂದು ಇಲ್ಲಿ ಚುನಾವಣೆ. ಅದಕ್ಕೆ ಒಂದು ತಿಂಗಳ ಮೊದಲು ನಮ್ಮ ಮಾಲೀಕರು ಕೇಳಿದರು: "ಗಲಾಟೆಯಾದರೆ ಎಷ್ಟು ದಿನದ ಸರಕು ಕೂಡಿಡಬೇಕು?" ನಾನು ಹಳೆಯದನ್ನೆಲ್ಲ ಓದಿದೆ. 2007ರ ಚುನಾವಣೆಯ ನಂತರದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಅಧ್ಯಕ್ಷರ ಆಯ್ಕೆಯನ್ನೇ ರದ್ದುಮಾಡಿ, ಅಕ್ಟೋಬರ್‌ನಲ್ಲಿ ಮತ್ತೆ ಮತದಾನ ನಡೆದಿತ್ತು. ಹೀಗಾಗಿ ಆರು ವಾರದ ಸರಕು ಬೇಕೆಂದು ನಾಲ್ಕು ಪುಟ ಬರೆದುಕೊಟ್ಟೆ. ಕಂಪನಿಗೆ ಅದು ಸರಿಯಾದ ಉತ್ತರವೇ ಆಗಿತ್ತು.

ಆಮೇಲೆ ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದು ನಮ್ಮ ಕುಟುಂಬಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಗುಂಪಿನಲ್ಲಿದ್ದ ಒಬ್ಬ ತಂಗಿ ಆಗ ಏಳು ತಿಂಗಳ ಗರ್ಭಿಣಿ. ಹೆರಿಗೆ ಇಲ್ಲೇ ಎಂದು ನಿಶ್ಚಯವಾಗಿತ್ತು. ನನ್ನ ಬರಹ ಓದಿ ಹೆದರಿ, ದುಬಾರಿ ಟಿಕೆಟ್ ಕೊಂಡು ಒಬ್ಬರೇ ಮಂಗಳೂರಿಗೆ ಹೋದರು. ಗಂಡನಿಗೆ ರಜೆ ಸಿಗಲಿಲ್ಲ. ಅವರು ಮಗುವಿನ ಮುಖ ನೋಡಿದ್ದು ಅದಕ್ಕೆ ನಾಲ್ಕು ತಿಂಗಳು ತುಂಬಿದ ಮೇಲೆ. ಇತ್ತ ಫಲಿತಾಂಶದ ರಾತ್ರಿ ಕಿಸುಮು, ಕಿಬೆರಾ ಕಡೆ ಪ್ರತಿಭಟನೆಗಳಾದವು. ವಾರದೊಳಗೆ ನಾವೆಲ್ಲ ಎಂದಿನಂತೆ ಆಫೀಸಿಗೆ ಹೋಗುತ್ತಿದ್ದೆವು.

ನನ್ನ ಟಿಪ್ಪಣಿಯಲ್ಲಿ ಒಂದು ಸುಳ್ಳೂ ಇರಲಿಲ್ಲ. ಗೋದಾಮಿಗಾಗಿ ಬರೆದದ್ದನ್ನು ಮನೆಗೆ ಕಳಿಸಿದ್ದೇ ತಪ್ಪು. ಕಂಪನಿ ಕೇಳುವುದು "ಅತಿ ಕೆಟ್ಟದ್ದು ಏನಾಗಬಹುದು?" ಎಂದು. ಸರಕು ಉಳಿದರೆ ಮುಂದಿನ ತಿಂಗಳು ಮಾರಬಹುದು. ಮನೆಯವರು ಕೇಳುವುದು "ಏನಾಗುವ ಸಾಧ್ಯತೆ ಹೆಚ್ಚು? ಯಾವ ಕಡೆ? ಎಷ್ಟು ದಿನ?" ಎಂದು. ಅವರು ಕೈಬಿಟ್ಟ ದಿನಗಳು ಮತ್ತೆ ಸಿಗುವುದಿಲ್ಲ. ಪ್ರಶ್ನೆ ಬೇರೆಯಾದರೆ ಹುಡುಕುವ ದಾರಿಯೂ ಬೇರೆಯಾಗಬೇಕು.

ಮೂರನೆಯ ಬಗೆಯದು ಸರ್ಕಾರದ ಮುಂದೆ ಇಡುವ ಬರಹ. 2024ರ ಹಣಕಾಸು ಮಸೂದೆಯಲ್ಲಿ ಬ್ರೆಡ್ಡಿನ ಮೇಲೆ ಶೇ. 16 ವ್ಯಾಟ್ ಹಾಕುವ ಪ್ರಸ್ತಾಪವಿತ್ತು. ಬೇಕರಿ ಉದ್ಯಮದ ಗೆಳೆಯರೊಬ್ಬರು ಸಂಸತ್ತಿಗೆ ಮನವಿ ಬರೆಯಲು ನನ್ನ ಸಹಾಯ ಕೇಳಿದರು. ಕಾನೂನು ಮಾಡುವಾಗ ಜನರ ಅಭಿಪ್ರಾಯಕ್ಕೆ ಸಂಸತ್ತು ಅವಕಾಶ ಕೊಡಬೇಕೆಂದು ಕೀನ್ಯಾ ಸಂವಿಧಾನದ 118ನೇ ವಿಧಿ ಹೇಳುತ್ತದೆ. ಅಲ್ಲಿ ಪತ್ರಿಕೆಯ ತಲೆಬರಹಗಳು ಸಾಕಾಗುವುದಿಲ್ಲ. ಮಸೂದೆಯನ್ನೇ ಓದಬೇಕು. ಯಾವ ಖಂಡ, ಅದರಿಂದ ಏನು ತೊಂದರೆ, ಬದಲಿಗೆ ಯಾವ ಪದಗಳಿರಬೇಕು, ಈ ಮೂರನ್ನೇ ಬರೆಯಬೇಕು. ಬ್ರೆಡ್ಡಿನ ತೆರಿಗೆಯನ್ನು ಜೂನ್ 18ರಂದು ಕೈಬಿಟ್ಟರು. ಜೂನ್ 25ರಂದು ಜನ ಸಂಸತ್ತಿಗೇ ನುಗ್ಗಿದರು. ಮರುದಿನ ಅಧ್ಯಕ್ಷರು ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು.

ನಾಲ್ಕನೆಯದು ಓದಿಗಾಗಿ ಮಾಡುವ ಸಂಶೋಧನೆ. ನಮ್ಮ ಮಕ್ಕಳು ಕಾಲೇಜಿನ ಪ್ರಬಂಧಕ್ಕಾಗಿ ಇಲ್ಲಿಯ ಜನರನ್ನು ಸಂದರ್ಶಿಸಲು ಹೊರಟರೆ ಒಂದು ಮಾತು ನೆನಪಿರಲಿ: ಈ ದೇಶದಲ್ಲಿ ಸಂಶೋಧನೆಗೆ ನಾಕೋಸ್ಟಿಯ ಪರವಾನಗಿ ಬೇಕು. ಮಾತಾಡಿದವರ ಹೆಸರನ್ನು ಕಾಪಾಡುವುದೂ ನಮ್ಮ ಹೊಣೆ. ಓದಿನ ಬರಹದಲ್ಲಿ ನಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಹುಡುಕಿ ತೋರಿಸಬೇಕು. ಮನವಿ ಬರೆಯುವವರಿಗೆ ಅಷ್ಟು ಕಟ್ಟುಪಾಡಿಲ್ಲ.

ಒಂದೇ ಅಂಕಿ ಬೇರೆ ಬೇರೆ ಉದ್ದೇಶಕ್ಕೆ ಹೇಗೆ ತಿರುಗುತ್ತದೆ ಎಂಬುದಕ್ಕೆ ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಕರ್ನಾಟಕದಲ್ಲಿ 2018ರಲ್ಲಿ ಬಿಜೆಪಿ 104 ಸ್ಥಾನ ಗೆದ್ದಿತ್ತು, 2023ರಲ್ಲಿ 66. ಮತಪ್ರಮಾಣ ಮಾತ್ರ ಎರಡು ಸಲವೂ ಶೇ. 36ರ ಆಸುಪಾಸಿನಲ್ಲೇ ಇತ್ತು. "ಭಾರೀ ಸೋಲು" ಎಂದವರೂ ಸರಿ, "ಮತ ಕರಗಿಲ್ಲ" ಎಂದವರೂ ಸರಿ. ಕಾರಣ ಹುಡುಕುವವರು ಉಳಿದೆರಡು ಪಕ್ಷಗಳತ್ತ ನೋಡಬೇಕು. ಜೆಡಿಎಸ್ ಶೇ. 18ರಿಂದ 13ಕ್ಕೆ ಇಳಿದಿತ್ತು, ಕಾಂಗ್ರೆಸ್ ಶೇ. 38ರಿಂದ 43ರ ಹತ್ತಿರಕ್ಕೆ ಏರಿತ್ತು. ಹಾಗೆಂದು ಜೆಡಿಎಸ್ ಮತವೆಲ್ಲ ಕಾಂಗ್ರೆಸ್ಸಿಗೇ ಹೋಯಿತು ಎನ್ನುವಂತಿಲ್ಲ. ಅದಕ್ಕೆ ಮತಗಟ್ಟೆವಾರು ಲೆಕ್ಕ ಕೊಡುವ ಫಾರಂ 20 ನೋಡಬೇಕು.

ಇಲ್ಲಿ ಅದಕ್ಕೆ ಸಮನಾದದ್ದು ಫಾರಂ 34ಎ. 2022ರಲ್ಲಿ ಚುನಾವಣಾ ಆಯೋಗ 46 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಫಾರಂಗಳನ್ನು ಯಾರು ಬೇಕಾದರೂ ನೋಡುವಂತೆ ಜಾಲತಾಣದಲ್ಲಿ ಹಾಕಿತು. ಟಿವಿ ಚಾನೆಲ್‌ಗಳು ಬೇರೆ ಬೇರೆ ಅನುಕ್ರಮದಲ್ಲಿ ಕೂಡಿಸುತ್ತಾ ಹೋದುದರಿಂದ ಒಂದರಲ್ಲಿ ಒಬ್ಬರು, ಇನ್ನೊಂದರಲ್ಲಿ ಮತ್ತೊಬ್ಬರು ಮುಂದಿದ್ದರು. ಅರ್ಧ ಎಣಿಕೆಯನ್ನು ಫಲಿತಾಂಶ ಎಂದುಕೊಂಡವರು ಮೋಸಹೋದರು. ಜನಮತ ಸಮೀಕ್ಷೆಯ ವಿಚಾರದಲ್ಲೂ ಹೀಗೇ. ಯಾರು ದುಡ್ಡು ಕೊಟ್ಟರು, ಎಷ್ಟು ಜನರನ್ನು ಕೇಳಿದರು, ಯಾವ ದಿನ, ಯಾವ ಪ್ರಶ್ನೆ ಎಂಬುದನ್ನು ನೋಡದೆ ಮುಂದೆ ಕಳಿಸಬೇಡಿ.

ನಮ್ಮ ಪಾಸ್‌ಪೋರ್ಟ್ ಯಾವುದು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೀನ್ಯಾದಲ್ಲಿ ಸರ್ಕಾರದ ಬಳಿ ಮಾಹಿತಿ ಕೇಳುವ ಹಕ್ಕನ್ನು ಸಂವಿಧಾನದ 35ನೇ ವಿಧಿ ನಾಗರಿಕರಿಗೆ ಕೊಟ್ಟಿದೆ. ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯೂ ನಾಗರಿಕರಿಗೇ. ಭಾರತದ ಪಾಸ್‌ಪೋರ್ಟ್ ಇರುವವರು ಇಲ್ಲಿ ಕೂತು ಊರಿನ ಸರ್ಕಾರವನ್ನು ಹಕ್ಕಿನಿಂದ ಕೇಳಬಹುದು, ಇಲ್ಲಿಯದನ್ನು ಹಾಗೆ ಕೇಳಲಾಗದು. ಇಲ್ಲಿಯ ಪೌರತ್ವ ಪಡೆದ ನಮ್ಮ ಹಿರಿಯರಿಗೆ ಇದು ತಿರುಗಾಮುರುಗಾ. ಇಬ್ಬರೂ ಒಟ್ಟಿಗೆ ಕೂತರೆ ಎರಡೂ ಕಡೆಯ ಬಾಗಿಲು ತಟ್ಟಬಹುದು.

ಸಂವಿಧಾನದ ಪ್ರಕಾರ ಮುಂದಿನ ಚುನಾವಣೆ 2027ರ ಆಗಸ್ಟ್ 10ಕ್ಕೆ. ಮತ್ತೆ ಗುಂಪುಗಳಲ್ಲಿ ಸಂದೇಶಗಳು ಹರಿಯುತ್ತವೆ. ಏನೇ ಬರೆದರೂ ಮೇಲೆ ಮೂರು ಸಾಲು ಇರಲಿ ಎಂಬುದು ನನ್ನ ಬಿನ್ನಹ: ಇದು ಯಾರಿಗೆ, ಅವರು ಇದರಿಂದ ಯಾವ ನಿರ್ಧಾರ ಮಾಡಬೇಕು, ಇದು ಯಾವ ದಿನದವರೆಗೆ ಸರಿ. ಈ ಮೂರು ಸಾಲಿಗೆ ಉತ್ತರವಿಲ್ಲದ ಬರಹವನ್ನು ನಾನೀಗ ಕಳಿಸುವುದಿಲ್ಲ.

ಆ ದಂಪತಿ ಇಂದು ಇದೇ ಸಭೆಯಲ್ಲಿದ್ದಾರೆ. ಅವರ ಮಗು ಹಿಂದಿನ ಸಾಲಿನಲ್ಲಿ ಆಟವಾಡುತ್ತಿದೆ. ಅವರ ಒಪ್ಪಿಗೆ ಪಡೆದೇ ಇದನ್ನೆಲ್ಲ ಹೇಳಿದ್ದೇನೆ. ಅವರ ಕ್ಷಮೆಯನ್ನು ಮನೆಗೆ ಹೋಗಿ ಕೇಳಿದ್ದೆ, ಇಂದು ನಿಮ್ಮೆಲ್ಲರೆದುರು ಇನ್ನೊಮ್ಮೆ ಕೇಳುತ್ತೇನೆ.