ಹವಳದ ತೊಟ್ಟಿಗೆ ಸುಣ್ಣದ ತಿಳಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರೇ, ಕೂಸಿನ ಜೊತೆಗೆ ಇನ್ನೊಂದು ಜವಾಬ್ದಾರಿಯೂ ನಿಮ್ಮ ಪಾಲಿಗೆ ಬರಬಹುದು: ಅಳಿಯನ ಹವಳದ ತೊಟ್ಟಿ! ನನಗಂತೂ ಬಂತು. ಉಪ್ಪುನೀರು ತುಂಬಿದ ಗಾಜಿನ ತೊಟ್ಟಿ, ಒಳಗೆ ಬಣ್ಣಬಣ್ಣದ ಜೀವಂತ ಹವಳ. ಆಫೀಸಿನ ಕೆಲಸಕ್ಕೆ ಪರಊರಿಗೆ ಹೊರಟ ಅಳಿಯ "ಅತ್ತೆ, ಸ್ವಲ್ಪ ನೋಡ್ಕೊಳ್ಳಿ" ಅಂದರೆ ಇಲ್ಲ ಅನ್ನಲಾದೀತೇ?

ಹವಳ ಕಲ್ಲಲ್ಲ, ಪ್ರಾಣಿ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಕಾರ್ಬೊನೇಟ್ ಹೀರಿಕೊಂಡು ತನ್ನ ಗೂಡನ್ನು ತಾನೇ ಕಟ್ಟಿಕೊಳ್ಳುತ್ತದೆ. ಸಮುದ್ರ ಬರಿದಾಗದು. ತೊಟ್ಟಿಯಲ್ಲಿ ಎಷ್ಟು ನೀರಿದ್ದೀತು? ಹವಳ ಬೆಳೆದಷ್ಟೂ ನೀರು ಬಡವಾಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ತೊಟ್ಟಿಯಲ್ಲಿ 380ರಿಂದ 450ರೊಳಗಿದ್ದರೆ ಸರಿ.

ಹಾಗೆಂದು ಬರೀ ಕ್ಯಾಲ್ಸಿಯಂ ಅಳೆದು ಸುಮ್ಮನಾಗಬೇಡಿ. ಕ್ಷಾರತೆ ಅಂತ ಇನ್ನೊಂದಿದೆ. ಕಾರ್ಬೊನೇಟಿನ ಲೆಕ್ಕ ಎನ್ನಿ. ಅದು 7ರಿಂದ 11 ಡಿಗ್ರಿ ಇರಬೇಕು. ಹವಳ 20 ಮಿಲಿಗ್ರಾಂ ಕ್ಯಾಲ್ಸಿಯಂ ಹೀರುವಷ್ಟರಲ್ಲಿ ಕ್ಷಾರತೆ 2.8 ಡಿಗ್ರಿ ಇಳಿದಿರುತ್ತದೆ. 420ರಲ್ಲಿ 20 ಹೋದರೆ ಗೊತ್ತೂ ಆಗುವುದಿಲ್ಲ. 8ರಲ್ಲಿ 2.8 ಹೋದರೆ? ಮೂರರಲ್ಲೊಂದು ಪಾಲೇ ಹೋಯಿತು! ಆದ್ದರಿಂದ ಮೊದಲು ಕ್ಷಾರತೆ ನೋಡಿ. ಪರೀಕ್ಷೆ ಕಷ್ಟವಲ್ಲ, ಶೀಶೆಯ ಔಷಧಿ ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗಿದಾಗ ಹನಿ ಎಣಿಸುವುದು, ಅಷ್ಟೇ.

ಎರಡನ್ನೂ ಒಟ್ಟಿಗೆ ತುಂಬಿಕೊಡುವುದು ನಮಗೆ ಗೊತ್ತಿರುವ ಸುಣ್ಣದ ತಿಳಿನೀರು. ಅಲ್ಲಿನವರು ಜರ್ಮನ್ ಭಾಷೆಯಲ್ಲಿ 'ಕಾಲ್ಕ್‌ವಾಸರ್' ಅನ್ನುತ್ತಾರೆ. ಅರ್ಥ ಸುಣ್ಣದ ನೀರೇ! ಆದರೆ ಎಲೆಯಡಿಕೆಯ ಡಬ್ಬಿಯ ಸುಣ್ಣ ಬೇಡ, ಅದರಲ್ಲಿ ಏನೇನು ಬೆರೆತಿದೆಯೋ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ ತನ್ನಿ. ಶುದ್ಧೀಕರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ ಅರ್ಧ ಟೀ ಚಮಚ ಪುಡಿ ಕದಡಿ, ಮುಚ್ಚಿಟ್ಟು, ತಿಳಿಯಾದ ಮೇಲೆ ಮೇಲಿನ ನೀರನ್ನಷ್ಟೇ ತೆಗೆದುಕೊಳ್ಳಿ. ಗಷ್ಟು ಬೀಳಬಾರದು.

ತೊಟ್ಟಿಯಿಂದ ನೀರು ದಿನಾ ಆವಿಯಾಗುತ್ತದಲ್ಲ, ಅಷ್ಟರ ಬದಲಿಗೆ ಈ ತಿಳಿಯನ್ನು ರಾತ್ರಿ ಹೊತ್ತು ತೊಟ್ಟಿಕ್ಕಲು ಬಿಡಿ. ರಾತ್ರಿ ನೀರಿನ ಪಿಎಚ್ ತಾನಾಗಿ ಇಳಿಯುತ್ತದೆ, ಸುಣ್ಣ ಅದನ್ನು ಎತ್ತುತ್ತದೆ. ಒಂದೇ ಸಲ ಸುರಿದಿರೋ, ಪಿಎಚ್ ನೆಗೆದು ಮೀನು, ಹವಳ ಎಲ್ಲಕ್ಕೂ ಅಪಾಯ. ಎಲೆಗೆ ಸುಣ್ಣ ಹೆಚ್ಚಾದರೆ ನಾಲಿಗೆ ಏನಾಗುತ್ತದೆ, ಹೇಳಿಕೊಡಬೇಕೇ? ಪಿಎಚ್ 8.5 ಮುಟ್ಟಿದರೆ ನಿಲ್ಲಿಸಿಬಿಡಿ. ಪುಡಿ ಮುಟ್ಟುವಾಗ ಕೈಗವಸು ಇರಲಿ, ಕಣ್ಣಿಗೆ ಹಾರದಿರಲಿ. ಕೂಸಿರುವ ಮನೆ, ಡಬ್ಬಿ ಅಟ್ಟದ ಮೇಲೇ ಇರಬೇಕು.

ಹವಳ ಬಹಳ ಬೆಳೆದಿದ್ದರೆ ತಿಳಿನೀರು ಸಾಲದು. ಆಗ ಕ್ಯಾಲ್ಸಿಯಂ ಕ್ಲೋರೈಡ್ ಒಂದು ಕಡೆ, ಅಡಿಗೆ ಸೋಡಾ ಒಂದು ಕಡೆ ಕರಗಿಸಿ ಬೇರೆ ಬೇರೆ ಹೊತ್ತಿಗೆ ಹಾಕುತ್ತಾರೆ. ಎರಡನ್ನೂ ಬೆರೆಸಿದರೆ ಸೀಮೆಸುಣ್ಣದಂತೆ ಬೆಳ್ಳಗೆ ಒಡೆದು ಎಲ್ಲಾ ದಂಡ. ಎಷ್ಟು ಹಾಕಿದರೂ ಕ್ಯಾಲ್ಸಿಯಂ ಏರದಿದ್ದರೆ ಮೆಗ್ನೀಷಿಯಂ ಪರೀಕ್ಷಿಸಿ. ಲೀಟರಿಗೆ 1,300 ಮಿಲಿಗ್ರಾಂ ಆಸುಪಾಸು ಇರಬೇಕು.

ಇದೆಲ್ಲ ಅಲ್ಲಿನ ಮಾತು. ಊರಿಗೆ ಬಂದು ನಾವೂ ಒಂದು ಇಡೋಣ ಎಂದು ಹೊರಡಬೇಡಿ. ನಮ್ಮ ದೇಶದಲ್ಲಿ ಕಲ್ಲುಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದನ್ನು ಸಮುದ್ರದಿಂದ ಕೀಳುವುದೂ ಮಾರುವುದೂ ಅಪರಾಧ.