ಎಲೆ ಬಾರದ ದಿನದ ಕೂಲಿ

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಬೀಡಿ ತಂಬಾಕಿಗೆ ದೇಶದ ಮಾರುಕಟ್ಟೆಯಲ್ಲಿ ದೊಡ್ಡ ಹೆಸರು. ಅದನ್ನು ಜರಡಿ ಹಿಡಿಯುವ ವಖಾರಗಳಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ ದುಡಿಯುವವರು ಹೆಚ್ಚಾಗಿ ಹೆಂಗಸರು. ಬಿಡುವಾದಾಗ ದುಡಿ, ಮಾಡಿದಷ್ಟಕ್ಕೆ ಕೂಲಿ ತಗೋ ಎಂಬುದನ್ನು ಈಗ ಹೊಸ ಸುಧಾರಣೆ ಎಂಬಂತೆ ಹೇಳಲಾಗುತ್ತಿದೆ. ಬೀಡಿಯ ಮನೆಗಳಲ್ಲಿ ಅದು ಅಜ್ಜಿಯ ಕಾಲದ ಪದ್ಧತಿ.

ತೆಂಡು ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ದಾರ ಕಟ್ಟಬೇಕು. ಕೂಲಿ ಸಾವಿರದ ಲೆಕ್ಕ. ಅಡುಗೆಯ ನಡುವೆ, ಮಕ್ಕಳನ್ನು ನೋಡಿಕೊಂಡು ಮಾಡಬಹುದಾದ ಕೆಲಸ, ನಿಜ. ಆದರೆ ಜಾಗ, ದೀಪದ ಖರ್ಚು, ತಂಬಾಕಿನ ಧೂಳು ಎಲ್ಲವೂ ಮನೆಯವರದು. ಎಲೆ ಬಾರದ ದಿನದ ನಷ್ಟವೂ ಅವರದೇ. ಮಾಲೀಕನಿಗೆ ಕಟ್ಟಡವೂ ಬೇಡ, ಹಾಜರಿ ಪುಸ್ತಕವೂ ಬೇಡ.

ಇದನ್ನು ಅರಿತೇ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಕಚ್ಚಾ ಮಾಲು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದು ಒಪ್ಪಿತು. ಮಾಲೀಕರು ಪ್ರಶ್ನಿಸಿದಾಗ, 1974ರಲ್ಲಿ ಮಂಗಳೂರು ಗಣೇಶ ಬೀಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೂ ಒಂದು ಕಿಂಡಿ ಉಳಿಯಿತು: ತಮ್ಮ ಮನೆಯಲ್ಲಿ ಸ್ವಂತಕ್ಕೆ ದುಡಿಯುವವರಿಗೆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಮಾಲೀಕ ಎಲೆ, ತಂಬಾಕನ್ನು ಬೀಡಿ ಕಟ್ಟುವಾಕೆಗೆ ಮಾರಿದಂತೆ, ಬೀಡಿಯನ್ನು ಆಕೆಯಿಂದ ಕೊಂಡಂತೆ ಲೆಕ್ಕ ಬರೆದರೆ ಸಾಕು, ಕಾರ್ಮಿಕಳು ಕಾಗದದ ಮೇಲೆ ವ್ಯಾಪಾರಿಯಾಗಿಬಿಡುತ್ತಾಳೆ. ಹೆರಿಗೆ ಸೌಲಭ್ಯ, ಭವಿಷ್ಯನಿಧಿ ಎರಡೂ ಅಲ್ಲಿಗೆ ಮುಗಿದವು.

ಕಾಗವಾಡ ತಾಲ್ಲೂಕಿನ ಉಗಾರಕ್ಕೆ ಬಂದರೆ ಬೇರೆಯೇ ಚಿತ್ರ. ಸಕ್ಕರೆ ಕಾರ್ಖಾನೆ ಕಬ್ಬು ಇದ್ದಾಗ ಮಾತ್ರ ನುರಿಸುತ್ತದೆ, ಹಂಗಾಮಿನಲ್ಲಿ ಮೂರು ಪಾಳಿ, ಆಮೇಲೆ ಗಾಣ ನಿಲ್ಲುತ್ತದೆ. ಆದರೆ ಸಕ್ಕರೆ ಉದ್ಯಮದ ಹಂಗಾಮಿ ಕಾರ್ಮಿಕರಿಗೆ ಕೆಲಸವಿಲ್ಲದ ತಿಂಗಳುಗಳಿಗೂ ರಿಟೆನ್ಷನ್ ಭತ್ಯೆ ಕೊಡುವ ರೂಢಿಯಿದೆ. ಸಂಘಟನೆ ಹೋರಾಡಿ ಪಡೆದದ್ದು ಅದು. ಕೆಲಸ ನಿಂತಾಗ ನಷ್ಟ ಯಾರ ಹೆಗಲಿಗೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ, ಬೀಡಿಯವರಿಗಿಲ್ಲ.

ಅಥಣಿಯ ಚಪ್ಪಲಿ ಕೆಲಸವೂ ಮನೆಯದೇ. ಅಟ್ಟೆ ಕತ್ತರಿಸುವುದು ಗಂಡಸರ ಕೆಲಸ, ಹೆಣಿಗೆ ಮತ್ತು ಹೊಲಿಗೆ ಹೆಂಗಸರದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಅಸೆಂಟ್ ಸಂಸ್ಥೆಯ ಮಧುರಾ ಛತ್ರಪತಿ ಈ ಹೆಂಗಸರನ್ನು ಸ್ವಸಹಾಯ ಗುಂಪುಗಳಾಗಿ ಕೂಡಿಸಿದರು. 'ಟೋ ಹೋಲ್ಡ್' ಹೆಸರಿನಲ್ಲಿ ಚಪ್ಪಲಿ ವಿದೇಶಕ್ಕೆ ಹೋಯಿತು. ಕೆಲಸದ ಜಾಗ ಬದಲಾಗಲಿಲ್ಲ. ಮಾಲಿನ ಲೆಕ್ಕ ಮಾತ್ರ ಮಾಡುವವರ ಕೈಗೆ ಬಂತು. ನನಗೆ ದೊಡ್ಡ ಬದಲಾವಣೆಯಾಗಿ ಕಾಣುವುದು ಅದೇ. ಅಥಣಿಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿತ್ತು. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಅದೇ ಮಾದರಿಯನ್ನು ಹೆಸರು ಹೇಳದೆ ಪ್ರದರ್ಶಿಸಿತು. ಗದ್ದಲವೆದ್ದ ಮೇಲೆ ವರ್ಷಾಂತ್ಯದಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಒಪ್ಪಂದಕ್ಕೆ ಬಂತು.

ಮೊದಲು ಹೇಳಿದ ಹೊಸ ಸುಧಾರಣೆಯ ಮಾತು ಕಾನೂನಿಗೂ ಬಂದಿದೆ: 2023ರಲ್ಲಿ ಕರ್ನಾಟಕವು ವಾರದ ಮಿತಿ 48 ಗಂಟೆಯೇ ಇರಲಿ, ದಿನಕ್ಕೆ 12 ಗಂಟೆ ದುಡಿಸಬಹುದು ಎಂದು ಕಾರ್ಖಾನೆ ಕಾಯ್ದೆ ತಿದ್ದಿತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. 1966ರ ಕಾಯ್ದೆ ಅವುಗಳಲ್ಲಿ ಒಂದರೊಳಗೆ ಸೇರಿತು. ಸ್ವಂತಕ್ಕೆ ದುಡಿಯುವವರ ಆ ವಿನಾಯಿತಿ ಅಲ್ಲೂ ಇದೆ. ಆದ್ದರಿಂದ ನಿಪ್ಪಾಣಿಯಲ್ಲಿ ಮೊದಲು ಆಗಬೇಕಾದ ಕೆಲಸ ಎಲೆ ಹಂಚುವ ಕಟ್ಟೆಯಲ್ಲಿದೆ: ಕೊಟ್ಟ ಎಲೆ, ಪಡೆದ ಬೀಡಿ, ತಿರಸ್ಕರಿಸಿದ ಬೀಡಿ ಮೂರನ್ನೂ ಬೀಡಿ ಕಟ್ಟುವಾಕೆಯ ಹೆಸರಿನ ಪುಸ್ತಕದಲ್ಲಿ, ಮಾಲೀಕನ ಸಹಿಯೊಂದಿಗೆ ಬರೆಸಬೇಕು.